ಉತ್ತರ: ಬ್ಲಿಟ್ಜ್ ಬಂದಾಗ ರಿಸೀವರ್‌ಗೆ ತಿಳಿಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬ್ಲಿಟ್ಜ್ ಬಂದಾಗ, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿಗಳು ಎಂದಿಗಿಂತ ಹೆಚ್ಚು ಮಂದಿ ನುಗ್ಗಿದಾಗ, ಕ್ವಾರ್ಟರ್‌ಬ್ಯಾಕ್ ಬಾಯಿಬಿಡದಿದ್ದರೂ ಚೆಂಡು ಹಿಡಿಯಬೇಕಾದ ರಿಸೀವರ್ ತನ್ನ ಓಟವನ್ನು ಮೊಟಕುಗೊಳಿಸಿದ್ದು ಹೇಗೆ ಎಂದು ಕೇಳಿದ್ದೀರಿ. ಗುಟ್ಟಿನ ಸನ್ನೆಯೇ ಬೇಕಿಲ್ಲ. ಇಬ್ಬರ ಕಣ್ಣೂ ಒಬ್ಬನೇ ಎದುರಾಳಿಯ ಮೇಲಿರುತ್ತದೆ, ಅಷ್ಟೇ.

ನುಗ್ಗುವವರನ್ನು ತಡೆಯಲು ಮುಂದಿನ ಸಾಲಿನಲ್ಲಿ ಐವರು ಲೈನ್‌ಮನ್‌ಗಳು. ಆರು ಮಂದಿ ನುಗ್ಗಿದರೆ ಒಬ್ಬ ತಪ್ಪಿಸಿಕೊಳ್ಳುತ್ತಾನೆ. ರನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಅವನಿಗೆ ಅಡ್ಡ ನಿಂತರೆ ಸರಿ, ಇಲ್ಲವಾದರೆ ಚೆಂಡನ್ನು ಕೂಡಲೇ ಎಸೆಯಬೇಕು. ಆದರೆ ನುಗ್ಗಿದವನು ಬಿಟ್ಟುಬಂದ ಜಾಗ ಖಾಲಿಯಾಗಿರುತ್ತದಲ್ಲ? 12 ಗಜ ಓಡಬೇಕಿದ್ದ ಸ್ಲಾಟ್ ರಿಸೀವರ್ (ಒಳಬದಿಯಲ್ಲಿ ನಿಲ್ಲುವ ರಿಸೀವರ್), ಲೈನ್‌ಬ್ಯಾಕರ್ (ರಕ್ಷಣೆಯ ಎರಡನೆಯ ಸಾಲಿನವನು) ನುಗ್ಗಿದ್ದನ್ನು ಕಂಡೊಡನೆ ಮೂರನೆಯ ಹೆಜ್ಜೆಗೇ ಒಳಕ್ಕೆ ತಿರುಗುತ್ತಾನೆ. ಅವನು ತಲೆ ಎತ್ತುವ ಹೊತ್ತಿಗೆ ಚೆಂಡು ಗಾಳಿಯಲ್ಲಿರುತ್ತದೆ. ಒಬ್ಬ ಕಂಡು ಇನ್ನೊಬ್ಬ ಕಾಣದಿದ್ದರೆ ಚೆಂಡು ಯಾರೂ ಇಲ್ಲದ ಕಡೆ ಬೀಳುತ್ತದೆ, ನಾವು ಟಿವಿ ಮುಂದೆ ಕುಳಿತು ಕ್ವಾರ್ಟರ್‌ಬ್ಯಾಕ್‌ನನ್ನು ಬೈಯುತ್ತೇವೆ!

ರಕ್ಷಣಾ ತಂಡವೂ ಇದನ್ನು ಬಲ್ಲದು. 2009ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಅಂತಿಮ ಪಂದ್ಯ), ಮೊದಲಾರ್ಧದ ಕೊನೆಯ ಸೆಕೆಂಡುಗಳಲ್ಲಿ, ಅರಿಜೋನಾ ತಂಡ ಗೋಲ್ ಗೆರೆಯ ಬಳಿಯೇ ಇತ್ತು. ಎದುರಾಳಿ ಪಿಟ್ಸ್‌ಬರ್ಗ್‌ನ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ನುಗ್ಗುವವನಂತೆ ನಟಿಸಿ ಹಿಂದೆ ಸರಿದರು. ಅರಿಜೋನಾದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್, ಒಳಕ್ಕೆ ತಿರುಗಿದ ರಿಸೀವರ್ ಆಂಕ್ವಾನ್ ಬೋಲ್ಡಿನ್‌ಗೆಂದು ಎಸೆದ ಚೆಂಡು ನೇರ ಹ್ಯಾರಿಸನ್ ಕೈಸೇರಿತು. ಅವರು 100 ಗಜ ಓಡಿ, ಆಚೆ ತುದಿಯ ಗೋಲ್ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಆ ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿ. ಚೆಂಡನ್ನು ಬಿಟ್ಟು ಹ್ಯಾರಿಸನ್ ಅವರ ಮೊದಲ ಎರಡು ಹೆಜ್ಜೆಗಳನ್ನು ಗಮನಿಸಿ.