ರೇಸ್‌ಗೆ ಮೊದಲೇ ಪೂರ್ತಿ 50 ಕಿ.ಮೀ. ಓಡಬೇಕಾ?

ರೇಸ್‌ಗೆ ನಾಲ್ಕು ವಾರ ಇದೆ, ಒಮ್ಮೆ ಪೂರ್ತಿ 50 ಕಿ.ಮೀ. ಗುಡ್ಡದ ದಾರಿಯಲ್ಲಿ ಓಡಿ ನೋಡಲಾ ಅಂತ ಕೇಳಿದ್ದೀರಿ. ಬೇಡ. ಅದರ ದಣಿವು ಇಳಿಯುವುದಕ್ಕೇ ಎರಡು ವಾರ ಹೋಗಬಹುದು. ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಿಡಿಯಿರಿ: ನಾಲ್ಕೈದು ಗಂಟೆ, ಮಾತಾಡಿಕೊಂಡು ಹೋಗುವಷ್ಟು ನಿಧಾನ, ಕಡಿದಾದ ಏರಿನಲ್ಲಿ ನಡೆದೇ ಹೋಗಿ. ನಿಜವಾಗಿ ಕಾಡುವುದು ಇಳಿಜಾರು. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಅಲ್ವಾ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುವುದು! ಇಳಿಯುವುದನ್ನೂ ಅಭ್ಯಾಸ ಮಾಡಿ, ಹೆಜ್ಜೆ ಚಿಕ್ಕದಿರಲಿ. ಹಸಿವಾಗುವವರೆಗೆ ಕಾಯದೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಆಹಾರದಲ್ಲಿನ ಪಿಷ್ಟ, ಸಕ್ಕರೆ) ತಿನ್ನುತ್ತಾ ಹೋಗಿ. ರೇಸ್ ದಿನದ ಶೂ, ಕಾಲುಚೀಲ, ಬ್ಯಾಗ್ ಈಗಲೇ ಹಾಕಿ ನೋಡಿ. ಮೂರನೇ ಗಂಟೆಗೆ ಬ್ಯಾಗಿನ ಪಟ್ಟಿ ಹೆಗಲು ಉಜ್ಜುವುದು ಮನೆಯಲ್ಲಿ ಗೊತ್ತಾಗುವುದಿಲ್ಲ.