ಮೂಟೆ ಒಳಗೆ ಕೊತ್ತಂಬರಿ ಬೇಯೋದ್ಯಾಕೆ

ಅಣ್ಣ, ಫೋಟೋ ನೋಡ್ದೆ. ಸಂಜೆ ಕೊತ್ತಂಬರಿ ಕಿತ್ತು ಕಟ್ಟು ಕಟ್ಟಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದಿದ್ರಿ, ಬೆಳಗಿನ ಜಾವ ಮಂಡೀಲಿ ಬಿಚ್ಚಿದ್ರೆ ಒಳಗೆ ಬಿಸಿ, ಎಲೆ ಕಪ್ಪು, ಹುಳಿ ವಾಸ್ನೆ ಅಂತ ಬರ್ದಿದೀರ. ಇದು ರೋಗದ ಲಕ್ಷಣ ಅಲ್ಲ, ಇದಕ್ಕೆ ಅಂತ ಔಷಧಿ ಹೊಡೆಯೋಕೆ ಹೋಗ್ಬೇಡಿ. ಸೊಪ್ಪು ಉಸಿರು ಕಟ್ಟಿ ಬೆಂದಿದೆ.

ಮೇಲೆ ಒಬ್ರು ಕಾರ್ಬನ್ ಡೈಆಕ್ಸೈಡ್ ಗಿಡಕ್ಕೆ ಆಹಾರ ತಾನೇ, ಚೀಲದಲ್ಲಿ ಇದ್ರೆ ಒಳ್ಳೇದು ಅಂದಿದಾರೆ. ಅದು ಬೆಳಕಿದ್ದಾಗಿನ ಮಾತು. ಕಿತ್ತು ಕತ್ತಲಲ್ಲಿ ತುಂಬಿದ್ಮೇಲೆ ಎಲೆ ನಮ್ಮಂಗೇ ಆಕ್ಸಿಜನ್ ಎಳ್ಕೊಂಡು, ಒಳಗಿರೋ ಸಕ್ಕರೆ ಸುಟ್ಕೊಂಡು, ಕಾರ್ಬನ್ ಡೈಆಕ್ಸೈಡು, ನೀರಿನ ಆವಿ, ಕಾವು ಮೂರನ್ನೂ ಹೊರಗೆ ಬಿಡ್ತಾನೇ ಇರುತ್ತೆ, ಅದರಲ್ಲೂ ಸೊಪ್ಪಿನ ಉಸಿರಾಟ ಬಲು ಜೋರು, ಆಲೂಗಡ್ಡೆ ಈರುಳ್ಳಿ ಅದರ ಹತ್ರಕ್ಕೂ ಬರಲ್ಲ. ಕಾವು 10 ಡಿಗ್ರಿ ಏರಿದ್ರೆ ಉಸಿರಾಟ ಎರಡು ಮೂರು ಪಟ್ಟಾಗುತ್ತೆ, ಉಸಿರಾಟ ಏರಿದ್ರೆ ಕಾವು ಇನ್ನೂ ಏರುತ್ತೆ, ರಾತ್ರಿಯೆಲ್ಲ ಒಳಗೆ ಇದೇ ನಡೆಯೋದು.

ನಂಗೂ ಮೆಂತ್ಯದಲ್ಲಿ ಹಿಂಗೇ ಆಗಿತ್ತು. ಮೂಟೆ ನಡುವಕ್ಕೆ ಕೈ ತೂರಿಸಿದ್ರೆ ತಿಪ್ಪೆ ಒಳಗೆ ಕೈ ಇಟ್ಟಂಗೆ. ಅಂಚಿನ ಕಟ್ಟು ಹಸಿರಾಗೇ ಇದ್ವು, ನಡುವಿನವು ಬೆರಳಿಗೆ ಅಂಟ್ತಿದ್ವು, ಯಾಕಂದ್ರೆ ಅಲ್ಲಿಗೆ ಗಾಳಿ ಹೋಗಲ್ಲ, ಅಲ್ಲಿಂದ ಕಾವೂ ಆಚೆ ಬರಲ್ಲ. ಆಕ್ಸಿಜನ್ ಮುಗಿದ್ರೆ ಎಲೆ ಸಕ್ಕರೇನ ಸುಡೋ ಬದಲು ಹುಳಿಸೋಕೆ ಶುರು ಮಾಡುತ್ತೆ, ನಿಮಗೆ ಬಂದ ವಾಸ್ನೇಲಿ ಅದೂ ಸೇರಿದೆ.

ಹಾಗಂತ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಕೆಟ್ಟದ್ದು ಅನ್ನೋದೂ ತಪ್ಪು. ಹೊರಗಿನ ಗಾಳೀಲಿ ಇರೋದು ಶೇಕಡಾ 0.04 ಅಷ್ಟೇ. ತಣ್ಣಗಿಟ್ಟು ಶೇಕಡಾ 5ರಿಂದ 9ರವರೆಗೆ ಏರಿಸಿದ್ರೆ ಕೊತ್ತಂಬರಿ ಹಸಿರು ಜಾಸ್ತಿ ದಿನ ನಿಲ್ಲುತ್ತೆ, ಪಾಲಕ್‌ಗೂ ಹೆಚ್ಚುಕಮ್ಮಿ ಇಷ್ಟೇ ಸಾಕು. ಉಸಿರಾಟ ನಿಧಾನ ಆಗುತ್ತೆ, ಎಲೆ ಹಳದಿ ಮಾಡೋ ಎಥಿಲೀನ್ ಅನ್ನೋ ಗ್ಯಾಸಿನ ಆಟಾನೂ ತಗ್ಗುತ್ತೆ. ಆದ್ರೆ ಶೇಕಡಾ 20ಕ್ಕೆ ಹೋದ್ರೆ ತಣ್ಣಗಿದ್ರೂ ಒಂದು ವಾರದಲ್ಲಿ ಕೊತ್ತಂಬರಿ ಕೆಟ್ಟೋಗುತ್ತೆ. ಎಲೆಕೋಸಿನಂಗೆ ಉಂಡೆ ಕಟ್ಟೋ ಲೆಟ್ಯೂಸ್ ಸೊಪ್ಪಿಗಂತೂ ಶೇಕಡಾ 2 ದಾಟಿದ್ರೇ ನಡುನರದ ಅಕ್ಕಪಕ್ಕ ಕಂದು ಕಲೆ ಬೀಳೋಕೆ ಶುರು. ಅದಕ್ಕೇ ಎಲ್ಲಾ ಸೊಪ್ಪಿಗೂ ಒಂದೇ ಕವರ್ ಆಗಲ್ಲ. ನಮ್ಮ ಹತ್ರ ಗ್ಯಾಸ್ ಅಳೆಯೋ ಮೀಟರ್ ಇಲ್ವಲ್ಲ, ಹಂಗಾಗಿ ಕಾವು ಇಳಿಸೋದು, ಗಾಳಿ ಆಡೋಕೆ ಬಿಡೋದು, ಇವೆರಡೇ ನಮ್ಮ ಕೈಲಿರೋದು.

ಬೆಳಗ್ಗೆ ಬಿಸಿಲು ಏರೋಕೆ ಮುಂಚೆ ಕೀಳಿ, ಆಗದಿದ್ರೆ ಹೊತ್ತು ಮುಳುಗಿದ್ಮೇಲೆ. ಕಿತ್ತ ತಕ್ಷಣ ತುಂಬಬೇಡಿ, ಇದೊಂದು ಮಾತು ದಯವಿಟ್ಟು ಮರೀಬೇಡಿ, ನೆರಳಲ್ಲಿ ಒದ್ದೆ ಗೋಣಿ ಮೇಲೆ ಹರಡಿ ಕಾವು ಹೋಗೋವರೆಗೂ ಬಿಡಿ. ನೀರಲ್ಲಿ ಅದ್ದಿದ್ರೆ ಚೆನ್ನಾಗಿ ಕೊಡವಿ, ಎಲೆ ಮೇಲೆ ನೀರು ನಿಂತ್ರೆ ಕೊಳೆ ಬೇಗ. ಆಮೇಲೆ ತೂತಿರೋ ಕ್ರೇಟಲ್ಲಿ ಕಟ್ಟುಗಳನ್ನ ನಿಲ್ಲಿಸಿ, ಒತ್ತಿ ತುಂಬಬೇಡಿ, ಮೇಲೆ ಒದ್ದೆ ಗೋಣಿ. ಟೆಂಪೋದಲ್ಲಿ ಟಾರ್ಪಾಲಿನ್ ಪೂರ್ತಿ ಬಿಗೀಬೇಡಿ.

ತಾರಸಿ ಸೊಪ್ಪು ಫ್ರಿಜ್ಜಲ್ಲಿ ಇಡೋದು ಹೆಂಗೆ ಅಂತ ಅಕ್ಕ ಒಬ್ರು ಕೇಳಿದ್ರಲ್ಲ, ಕಾಲು ಕೆಜಿ ಕವರ್‌ಗೆ ನಾನು ಊದುಬತ್ತಿ ಕಡ್ಡೀಲಿ ಎಂಟತ್ತು ತೂತು ಹಾಕ್ತೀನಿ, ಬೇರು ಕತ್ತರಿಸಿ ಒಣ ಬಟ್ಟೇಲಿ ಸುತ್ತಿ ಒಳಗಿಡ್ತೀನಿ. ಸೇಬು, ಮಾಗಿದ ಟೊಮ್ಯಾಟೊ ಪಕ್ಕ ಮಾತ್ರ ಬೇಡ, ಅವು ಎಥಿಲೀನ್ ಬಿಡ್ತವೆ.

ಅಣ್ಣ, ಮುಂದಿನ ಕೊಯ್ಲಲ್ಲಿ ಒಂದು ಕ್ರೇಟ್ ಹಿಂಗೆ ಮಾಡಿ, ಒಂದು ಸಣ್ಣ ಮೂಟೆ ಮೊದಲಿನಂಗೇ ತುಂಬಿ. ಮಂಡೀಲಿ ಇಳಿಸಿದಾಗ ಎರಡರ ನಡುವಕ್ಕೂ ಕೈ ಹಾಕಿ ನೋಡಿ, ಬಿಚ್ಚಿದ ಫೋಟೋ ಇಲ್ಲೇ ಹಾಕಿ.