ನೌಕಾ ಆಟದಲ್ಲಿ ಎಲ್ಲ ತಂಡಗಳನ್ನೂ ಬೆಂಕಿಗೆ ಕಳುಹಿಸಿದರೂ ಹಡಗು ಉಳಿಯುವುದಿಲ್ಲ, ಏಕೆ?

ಏಟು ತಿಂದ ಕ್ರೂಸರ್ ಯುದ್ಧನೌಕೆಗೆ ಬೆಂಕಿ ಬಿದ್ದ ಕೂಡಲೇ ದುರಸ್ತಿ ತಂಡಗಳನ್ನೆಲ್ಲ ಅಲ್ಲಿಗೆ ಓಡಿಸುತ್ತೇನೆ, ಆದರೂ ಹಡಗು ಕೈತಪ್ಪುತ್ತದೆ ಎಂದು ಬರೆದಿದ್ದೀರಿ. ತಪ್ಪು ಇರುವುದು ಆ 'ಎಲ್ಲ' ಎಂಬುದರಲ್ಲೇ.

ಬಸವನಗುಡಿಯ ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನಗಳು ನನಗೂ ತಮ್ಮನಿಗೂ ಇಂಥ ಆಟಗಳಿಗೇ ಮೀಸಲು. ಕಳೆದ ತಿಂಗಳು ನನ್ನ ಕ್ರೂಸರ್‌ನ ನಡುಭಾಗ ಧಗಧಗ ಉರಿಯುತ್ತಿತ್ತು. ಹಿಂಬದಿಯ ಫಿರಂಗಿ ಗೋಪುರದ ಬಳಿ ಒಂದೆಳೆ ಹೊಗೆ, ಅಷ್ಟೇ. ನಾನು ದೊಡ್ಡ ಬೆಂಕಿಯನ್ನೇ ಹಿಡಿದು ಕುಳಿತೆ. ಅದು ಆರುತ್ತಾ ಬಂದಿತ್ತು, ಅಷ್ಟರಲ್ಲಿ ಆ ಸಣ್ಣ ಬೆಂಕಿ ಮದ್ದುಗುಂಡಿನ ಕೋಣೆಗೆ ಇಳಿಯಿತು. ತಮ್ಮ ಮತ್ತೊಂದು ಗುಂಡು ಹಾರಿಸಬೇಕಾಗಲಿಲ್ಲ.

ಆದ್ದರಿಂದ ಬೆಂಕಿ ಎಷ್ಟಿದೆ ಎನ್ನುವುದಕ್ಕಿಂತ ಮೊದಲು ಅದರ ಪಕ್ಕದಲ್ಲಿ ಏನಿದೆ ಎಂದು ನೋಡಿ. ಮದ್ದುಗುಂಡು ಇದ್ದರೆ ಆ ಕೋಣೆಗೆ ನೀರು ತುಂಬಿಸಿಬಿಡಿ. ಗೋಪುರ ಮೂಕವಾಗುತ್ತದೆ, ಆಗಲಿ. 1915ರ ಡಾಗರ್ ಬ್ಯಾಂಕ್ ಕದನದಲ್ಲಿ ಜರ್ಮನಿಯ ಸೈಡ್ಲಿಟ್ಸ್ ಹಡಗಿನ ಹಿಂದಿನ ಎರಡು ಗೋಪುರಗಳು ಸುಟ್ಟು, 150ಕ್ಕೂ ಹೆಚ್ಚು ಜನ ಸತ್ತರು. ವಿಲ್ಹೆಲ್ಮ್ ಹೈಡ್‌ಕಾಂಪ್ ಎಂಬ ನಾವಿಕ ಕೆಂಪಗೆ ಕಾದ ಕವಾಟಗಳನ್ನು ಬರಿಗೈಯಲ್ಲಿ ತಿರುಗಿಸಿ ಮದ್ದುಗುಂಡಿನ ಕೋಣೆಗಳಿಗೆ ನೀರು ಬಿಟ್ಟ. ಹಡಗು ಮನೆಗೆ ಮರಳಿತು. ಆಟದಲ್ಲಿ ಕೋಣೆಗೆ ನೀರು ತುಂಬಿಸುವ ಬಟನ್ ಒತ್ತುವಾಗಲೆಲ್ಲ ನನಗೆ ಆ ಕೈಗಳ ನೆನಪಾಗುತ್ತದೆ.

ವಿಮಾನವಾಹಕ ನೌಕೆಯಾದರೆ ಉರಿಯೇ ಕಾಣದಿದ್ದರೂ ನೆಮ್ಮದಿ ಬೇಡ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ 'ಸ್ವಿಚ್ ಮುಟ್ಟಬೇಡ, ಕಿಟಕಿ ತೆಗೆ' ಎಂದು ಅಮ್ಮ ಕೂಗುತ್ತಾರಲ್ಲ, ಅದೇ ಸಂಗತಿ. ಹಡಗಿನ ಹೊಟ್ಟೆಯಲ್ಲಿ ಕಿಟಕಿ ಎಲ್ಲಿಂದ ಬರಬೇಕು? 1944ರ ಜೂನ್ 19ರಂದು ಜಪಾನಿನ ತೈಹೋಗೆ ತಗುಲಿದ್ದು ಒಂದೇ ಟಾರ್ಪಿಡೊ. ಸೋರಿದ ವಿಮಾನ ಇಂಧನದ ಆವಿಯನ್ನು ಹೊರಹಾಕಲು ಗಾಳಿಯಾಡಿಸಿದರು. ಆವಿ ಹಡಗಿನ ತುಂಬ ಹರಡಿತು. ಸುಮಾರು ಆರು ಗಂಟೆಗಳ ನಂತರ ಹಡಗು ಸಿಡಿಯಿತು. ಇಂಧನ ಸೋರಿಕೆಯ ಸೂಚನೆ ಬಂದರೆ ಒಂದು ತಂಡವನ್ನು ಅಲ್ಲಿಂದ ಕದಲಿಸಬೇಡಿ.

ಇನ್ನು ನೀವು ಸುರಿಯುವ ನೀರು. 1942ರ ಫೆಬ್ರುವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಹಡಗಿಗೆ ಬೆಂಕಿ ಬಿದ್ದಾಗ ಮೇಲಿನ ಅಂತಸ್ತುಗಳಿಗೆ ಅಷ್ಟೊಂದು ನೀರು ಹೊಡೆದರು. ಮರುದಿನ ಬೆಳಗಿನ ಜಾವ ಹಡಗು ಕಟ್ಟೆಯ ಪಕ್ಕದಲ್ಲೇ ಮಗುಚಿತು. ನಿಮ್ಮ ಆಟದಲ್ಲಿ ಹಡಗು ಒಂದು ಬದಿಗೆ ವಾಲುವ ಲೆಕ್ಕವಿದ್ದರೆ ಒಂದು ತಂಡ ಸದಾ ಪಂಪುಗಳ ಬಳಿಯೇ ಇರಲಿ.

ವೇಗ ತಗ್ಗಿಸಿ, ಉರಿ ಹಡಗಿನಿಂದ ಆಚೆಗೆ ಬಾಗುವಂತೆ ಗಾಳಿ ನೋಡಿ ತಿರುಗಿಸಿ. ಶತ್ರು ಹತ್ತಿರವಿದ್ದರೆ ಇದು ಆಗದ ಮಾತು.

ಮುಂದಿನ ಭಾನುವಾರ ಅದೇ ಕದನವನ್ನು ಮತ್ತೆ ಆಡಿದೆವು. ಈ ಸಲ ಹಿಂಬದಿಯ ಕೋಣೆಗೆ ಮೊದಲೇ ನೀರು ಬಿಟ್ಟೆ, ನಡುಭಾಗ ಉರಿಯಲು ಬಿಟ್ಟೆ. ಕತ್ತಲಾಗುವವರೆಗೆ ತಮ್ಮ ಬೆನ್ನಟ್ಟಿದ, ಹಡಗು ಸಿಗಲಿಲ್ಲ.